ಅಮ್ಮ ಮಾಡಿದ ಕ್ರಿಸ್‌ಮಸ್ ಅಲಂಕಾರಗಳು: ಮೂವರು ಮಕ್ಕಳು, ಒಂದೇ ಪೆಟ್ಟಿಗೆ, ಹೇಗೆ ಹಂಚೋದು?

ಕಿರಿಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮ ಚಿಕ್ಕ ಮನೆಗೆ ಹೋಗುತ್ತಿದ್ದಾರೆ. ಅಲ್ಲಿ ದೊಡ್ಡ ಕ್ರಿಸ್‌ಮಸ್ ಟ್ರೀ ಇಡೋಕೆ ಜಾಗ ಇಲ್ಲ. ಇಷ್ಟು ವರ್ಷ ಕೈಯಾರೆ ಮಾಡಿದ ಅಲಂಕಾರದ ಸಾಮಾನನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿ, "ಮೂವರೂ ಹಂಚಿಕೊಳ್ಳಿ, ಜಗಳ ಆಡಬೇಡಿ" ಅಂತ ಕೊಟ್ಟಿದ್ದಾರೆ. ಜಗಳ ಆಗಲೇ ಶುರುವಾಗಿದೆ.

ಪೆಟ್ಟಿಗೆಯಲ್ಲಿ ಉಪ್ಪು-ಮೈದಾ ಹಿಟ್ಟಿನ ನಕ್ಷತ್ರಗಳಿವೆ, ಒಂದೊಂದರ ಮೇಲೂ ನಮ್ಮ ಹೆಸರಿದೆ. ಫೆಲ್ಟ್ ಬಟ್ಟೆಯ ಹಕ್ಕಿಗಳು, ಕ್ರೋಶಾ ಹಾಕಿದ ಹಿಮದ ಹೂಗಳು, ಕಾಗದದ ನಕ್ಷತ್ರಗಳು, ಅಜ್ಜಿ ಕಾಲದ ಕೆಲವು ಗಾಜಿನ ಗುಂಡುಗಳು, ಬೆಳ್ಳಿ ಬಣ್ಣದ ಎಳೆಗಳ ಒಂದು ಕಟ್ಟು. ಕೆಳಗೆ ಒಂದಷ್ಟು ಕತ್ತರಿಸಿದ ರಟ್ಟಿನ ಚೂರುಗಳೂ ಇವೆ, ಅವು ಯಾಕೆ ಇಟ್ಟಿದ್ದಾರೋ ಗೊತ್ತಿಲ್ಲ.

ಅಣ್ಣ ಹೇಳೋದು, ಹಂಚಲೇಬಾರದು, ಒಂದೇ ಮನೆಯಲ್ಲಿ ಇರಲಿ ಅಂತ. ಅಕ್ಕನ ಮನೆಯಲ್ಲಿ ಬಿಳಿ ಮತ್ತು ಚಿನ್ನದ ಬಣ್ಣ ಮಾತ್ರ. ಅವಳಿಗೆ ಅವಳ ಹೆಸರಿನ ನಕ್ಷತ್ರ ಒಂದು ಸಿಕ್ಕರೆ ಸಾಕು, ಉಳಿದದ್ದರಲ್ಲಿ ಹಾಳಾಗಿರೋದನ್ನ ಎಸೆಯೋಣ ಅಂತಾಳೆ. ನನಗೆ ಎಸೆಯೋಕೆ ಮನಸ್ಸಿಲ್ಲ. ಆದರೆ ಹಿಟ್ಟಿನ ನಕ್ಷತ್ರಗಳು ಮೆತ್ತಗಾಗಿವೆ, ಮೇಲೆಲ್ಲ ಬಿಳಿ ಪುಡಿ ಎದ್ದಿದೆ. ಕ್ರೋಶಾ ಹೂಗಳು ಹಳದಿ ತಿರುಗಿ ಜೋತುಬಿದ್ದಿವೆ. ಇವನ್ನು ಉಳಿಸಬಹುದಾ? ಹಂಚೋಕೆ ಒಳ್ಳೆ ದಾರಿ ಏನಾದರೂ ಇದೆಯಾ?

ಸೂಜಿಮಲ್ಲಿಗೆ
ಎಸೆಯಬೇಡಿ! ಮೊದಲು ಅದು. ಆಮೇಲೆ ಉಳಿದದ್ದು.

ಹಳೆಪೆಟ್ಟಿಗೆ
ಹಿಟ್ಟಿನ ನಕ್ಷತ್ರಗಳ ಬಗ್ಗೆ ಹೇಳ್ತೀನಿ. ಆ ಬಿಳಿ ಪುಡಿ ಬೂಷ್ಟು ಇರಲಿಕ್ಕಿಲ್ಲ, ಉಪ್ಪೇ ಹೊರಗೆ ಬಂದಿರೋದು. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತೆ, ಅದಕ್ಕೇ ಮೆತ್ತಗಾಗುತ್ತೆ. ಒಣ ಬ್ರಷ್‌ನಿಂದ ಪುಡಿಯನ್ನು ಮೆಲ್ಲಗೆ ಕೆಡವಿ. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ಆಮೇಲೆ ಗಾಳಿಯಾಡದ ಡಬ್ಬದಲ್ಲಿ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಗಟ್ಟಿಯಾಗೋವರೆಗೆ ಬಿಡಿ. ಆತುರಕ್ಕೆ ಓವನ್‌ನಲ್ಲಿ ಇಟ್ಟರೆ ಹಳೆ ಬಣ್ಣ ಗುಳ್ಳೆ ಎದ್ದು ಹೋಗುತ್ತೆ.

ಪೂರ್ತಿ ಒಣಗಿದ ಮೇಲೆ ವಾರ್ನಿಷ್ ತೆಳುವಾಗಿ ಎರಡು ಮೂರು ಸಲ ಹಚ್ಚಿ. ಮುಂದೆ, ಹಿಂದೆ, ಅಂಚು, ದಾರ ಪೋಣಿಸೋ ತೂತಿನ ಒಳಗೂ. ಹೆಚ್ಚಿನವರು ಮುಂದಕ್ಕೆ ಮಾತ್ರ ಹಚ್ತಾರೆ, ಹಿಂದಿನಿಂದ ತೇವ ನುಗ್ಗುತ್ತೆ. ನಿಮ್ಮ ಅಮ್ಮನ ನಕ್ಷತ್ರಗಳ ಹಿಂಭಾಗ ನೋಡಿ, ಬರೀ ಹಿಟ್ಟೇ ಕಾಣಿಸುತ್ತಾ?

ಕಿರಿಮಗಳು
ಹೌದು! ಹಿಂದೆ ಏನೂ ಹಚ್ಚಿಲ್ಲ. ಪೆನ್ಸಿಲ್‌ನಲ್ಲಿ ವರ್ಷ ಬರೆದಿದ್ದಾರೆ ಅಷ್ಟೇ.

ಹಳೆಪೆಟ್ಟಿಗೆ
ಅಯ್ಯೋ, ಹಾಗಾದರೆ ಆ ಬರಹದ ಫೋಟೋ ಮೊದಲು ತೆಗೆದಿಡಿ. ವಾರ್ನಿಷನ್ನು ಬ್ರಷ್‌ನಲ್ಲಿ ಉಜ್ಜಿದರೆ ಪೆನ್ಸಿಲ್ ಗುರುತು ಹರಡಿಕೊಳ್ಳುತ್ತೆ. ಮೊದಲ ಸಲ ಸ್ಪ್ರೇ ಹೊಡೆಯಿರಿ.

ನೀಲಿದಾರ
ಕ್ರೋಶಾ ಹೂಗಳಿಗೆ ಗಾಬರಿ ಬೇಡ ಅಕ್ಕ, ಅವು ಎಲ್ಲಕ್ಕಿಂತ ಸುಲಭ. ಹತ್ತಿ ದಾರ ತಾನೇ? ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೌಮ್ಯ ಸೋಪು ಹಾಕಿ ನೆನೆಸಿ. ಹಿಂಡಬೇಡಿ, ತಿಕ್ಕಬೇಡಿ. ನೀರು ಹಳದಿ ಬಂದರೆ ಬದಲಾಯಿಸ್ತಾ ಇರಿ. ಹಳೆ ಗಂಜಿಯೂ ಅದರ ಜೊತೆ ಬಿಟ್ಟುಹೋಗುತ್ತೆ. ಬಣ್ಣದ ದಾರ ಸೇರಿದ್ದರೆ ಮಾತ್ರ ಒಂದು ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ, ಕೆಂಪು ಬಿಟ್ಟುಕೊಂಡರೆ ಹೂವೆಲ್ಲ ಹಾಳು.

ಆಮೇಲೆ ದಪ್ಪ ಥರ್ಮಾಕೋಲ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಹೂವನ್ನು ಹರಡಿ. ಒಂದೊಂದು ತುದಿಗೂ ತುಕ್ಕು ಹಿಡಿಯದ ಪಿನ್ ಚುಚ್ಚಿ. ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ಬ್ರಷ್‌ನಲ್ಲಿ ಹಚ್ಚಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ನೋಡಿದರೆ ಹೊಸದರ ಹಾಗೆ ನಿಂತಿರುತ್ತೆ.

ಟೀಚರಮ್ಮ
ನಮ್ಮ ಮನೆಯಲ್ಲಿ ಸಕ್ಕರೆ ಪಾಕದಲ್ಲಿ ಅದ್ದುತ್ತಿದ್ದರು. ತುಂಬಾ ಗಟ್ಟಿ ನಿಲ್ಲುತ್ತೆ, ಹೊಳಪೂ ಬರುತ್ತೆ. ಹಳೆ ಪದ್ಧತಿ ಅದೇ.

ನೀಲಿದಾರ
ಪದ್ಧತಿ ಹಳೆಯದೇ ಟೀಚರ್, ಇಲ್ಲ ಅನ್ನಲ್ಲ. ಆದರೆ ಇರುವೆಗಳೂ ಹಳೆಯವೇ. ಸಕ್ಕರೆ ಹಾಕಿದ್ದನ್ನು ವರ್ಷವಿಡೀ ಪೆಟ್ಟಿಗೆಯಲ್ಲಿ ಇಟ್ಟರೆ ಅಂಟಂಟಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತೆ. ಒಂದು ಹಬ್ಬಕ್ಕೆ ಸಾಕು ಅಂದರೆ ಸರಿ, ಮೊಮ್ಮಕ್ಕಳಿಗೆ ಉಳಿಯಬೇಕು ಅಂದರೆ ಬೇಡ.

ಟೀಚರಮ್ಮ
ನಮ್ಮಲ್ಲಿ ಪ್ರತಿ ವರ್ಷ ತೊಳೆದು ಮತ್ತೆ ಅದ್ದುತ್ತಿದ್ದರು. ಎಲ್ಲರೂ ಸೇರಿ ಕೂತು ಆ ಕೆಲಸ ಮಾಡೋದೇ ಹಬ್ಬದ ಶುರು ಆಗಿತ್ತು. ಎಲ್ಲವೂ ಶಾಶ್ವತವಾಗಿ ಇರಬೇಕು ಅಂತ ಯಾಕೆ?

ನೀಲಿದಾರ
ಹಾಗೆ ಮಾಡೋದಾದರೆ ಸಕ್ಕರೆಗೆ ನನ್ನದೂ ಒಪ್ಪಿಗೆ.

ಬೆಳ್ಳಿರೆಕ್ಕೆ
ಯಾರೂ ಆ ಬೆಳ್ಳಿ ಎಳೆಗಳ ಬಗ್ಗೆ ಮಾತಾಡಲಿಲ್ಲ. ದಯವಿಟ್ಟು ಇದನ್ನು ಓದಿ. ಎಳೆಗಳು ತೂಕವಾಗಿದ್ದು, ಮಡಚಿದರೆ ಹಾಗೇ ಮಡಚಿಕೊಂಡು ನಿಂತು, ಬಣ್ಣ ಮಂಕಾಗಿದ್ದರೆ ಅದು ಸೀಸದ್ದು ಇರಬಹುದು. ಹಿಂದೆ ಟಿನ್ಸೆಲ್ ಅನ್ನು, ಅಂದರೆ ಈ ಹೊಳೆಯೋ ಎಳೆಗಳನ್ನು, ಸೀಸದಲ್ಲೇ ಮಾಡುತ್ತಿದ್ದರು. ಭಾರಕ್ಕೆ ನೇರವಾಗಿ ಇಳಿಬೀಳುತ್ತಿತ್ತು, ಚೆನ್ನಾಗಿ ಕಾಣುತ್ತಿತ್ತು. ಮಕ್ಕಳ ಆರೋಗ್ಯಕ್ಕೆ ಕೆಟ್ಟದ್ದು ಅಂತ ಅಮೆರಿಕದಲ್ಲಿ 1972ರಿಂದ ಅದನ್ನು ನಿಲ್ಲಿಸಿದರು. ಹಗುರವಾಗಿ, ಗಾಳಿಗೆ ಹಾರಿ, ಕೈಗೆ ಅಂಟಿಕೊಳ್ಳೋದು ಪ್ಲಾಸ್ಟಿಕ್. ಅನುಮಾನ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸಕ್ಕೆ ಕೊಡಿ. ನೆನಪು ಎಷ್ಟೇ ದೊಡ್ಡದಿರಲಿ, ಇದನ್ನು ಮಾತ್ರ ಎಸೆಯಲೇಬೇಕು.

ಕಿರಿಮಗಳು
ಗೊತ್ತೇ ಇರಲಿಲ್ಲ. ಭಾರವಾಗೇ ಇದೆ. ಚಿಕ್ಕವರಿದ್ದಾಗ ಅದನ್ನು ಮೀಸೆ ಮಾಡಿಕೊಂಡು ಆಡ್ತಿದ್ವಿ. ಇವತ್ತೇ ಬೇರೆ ಕಟ್ಟಿಡ್ತೀನಿ, ಕೈಗವಸು ಹಾಕ್ಕೊಂಡು.

ಗಾಜುಗಾರ
ಗಾಜಿನ ಗುಂಡುಗಳನ್ನು ನೀರಲ್ಲಿ ತೊಳೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಲೂಬೇಡಿ. ಬೆಳ್ಳಿಯ ಲೇಪ ಇರೋದು ಒಳಗೆ, ಬಣ್ಣ ಇರೋದು ಹೊರಗೆ. ಎರಡೂ ನೀರಿಗೆ ಬಿಟ್ಟುಕೊಳ್ಳುತ್ತವೆ. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದರೆ ಸಾಕು. ಮೇಲಿನ ಮುಚ್ಚಳ ಯಾವುದರದ್ದು ನೋಡಿ ಹೇಳಿ. ರಟ್ಟಿನ ಮುಚ್ಚಳ ಇದ್ದು, ಒಳಗೆ ಬೆಳ್ಳಿ ಇಲ್ಲದೆ ಗಾಜು ಹಾಗೇ ಕಾಣ್ತಾ ಇದ್ದರೆ ಅದು ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಗುಂಡು ಇರಬಹುದು. ಆಗ ಲೋಹ ಸಿಗ್ತಿರಲಿಲ್ಲ.

ಕಿರಿಮಗಳು
ಇಲ್ಲ ಸರ್, ಮುಚ್ಚಳ ತಗಡಿನದು. ಒಳಗೆ ಕನ್ನಡಿ ಥರ ಹೊಳೆಯುತ್ತೆ. ಆದರೆ ಇವು ಅಂಗಡಿಯವು, ಅಮ್ಮ ಮಾಡಿದ್ದಲ್ಲ. ಹಾಗಾಗಿ ಹಂಚೋ ಲೆಕ್ಕಕ್ಕೆ ಸೇರಿಸಿಲ್ಲ.

ಗಾಜುಗಾರ
ಅಂಗಡಿಯದ್ದು ಅಂದ ಮಾತ್ರಕ್ಕೆ ಕೈಕೆಲಸ ಅಲ್ಲ ಅನ್ನೋಕಾಗಲ್ಲ. ಈ ಗುಂಡುಗಳ ಹುಟ್ಟೂರು ಜರ್ಮನಿಯ ಲೌಶಾ ಅನ್ನೋ ಊರು. 1840ರ ದಶಕದಿಂದ ಅಲ್ಲಿ ಮನೆಮನೆಯಲ್ಲೂ ಊದಿ ಮಾಡುತ್ತಿದ್ದರು. ಗಂಡಸರು ದೀಪದ ಉರಿಯಲ್ಲಿ ಗಾಜು ಊದೋದು, ಹೆಂಗಸರು ಮಕ್ಕಳು ಬೆಳ್ಳಿ ತುಂಬಿ ಬಣ್ಣ ಹಚ್ಚೋದು. 1880ರಲ್ಲಿ ವೂಲ್‌ವರ್ತ್ ಅನ್ನೋ ವ್ಯಾಪಾರಿ ಇವನ್ನು ಅಮೆರಿಕದ ತನ್ನ ಅಂಗಡಿಗೆ ತಂದ ಮೇಲೆ ಲೋಕಕ್ಕೆಲ್ಲ ಹಬ್ಬಿತು. ಯಂತ್ರದಲ್ಲಿ ಸಾವಿರಗಟ್ಟಲೆ ಮಾಡೋಕೆ ಶುರುವಾಗಿದ್ದು 1930ರ ದಶಕದ ಕೊನೆಯಲ್ಲಿ, ಕಾರ್ನಿಂಗ್ ಕಂಪನಿ ಬಲ್ಬಿನ ಗಾಜು ಊದೋ ಯಂತ್ರವನ್ನು ಇದಕ್ಕೆ ಬಳಸಿದಾಗ. ಅದಕ್ಕೂ ಮುಂಚಿನದಾದರೆ ಯಾವುದೋ ಒಂದು ಮನೆಯ ಮಕ್ಕಳು ರಾತ್ರಿ ಕೂತು ಬಣ್ಣ ಹಚ್ಚಿದ್ದೇ.

ಒಂಟಿನಕ್ಷತ್ರ
ಅಲ್ಲಿನ ಒಬ್ಬ ಬಡ ಗಾಜಿನ ಕೆಲಸದವನಿಗೆ ಮರಕ್ಕೆ ಕಟ್ಟೋಕೆ ಸೇಬು ಕೊಳ್ಳೋಕಾಗದೆ ಗಾಜಿನ ಸೇಬು ಊದಿದ ಅಂತ ಓದಿದ್ದೆ. ಎಷ್ಟು ಚೆಂದದ ಕಥೆ ಅಲ್ವಾ!

ಗಾಜುಗಾರ
ಕಥೆ ಚೆಂದವೇ, ಆದರೆ ಅದು ದಂತಕಥೆ. ಬಡತನ ಮಾತ್ರ ನಿಜ.

ಸೂಜಿಮಲ್ಲಿಗೆ
ನನ್ನ ಅಭಿಪ್ರಾಯ ಬೇರೆ. ಲೌಶಾದ ಮಕ್ಕಳು ಮಾಡಿದ್ದು ಹೊಟ್ಟೆಪಾಡಿಗೆ. ಇವರ ಅಮ್ಮ ಮಾಡಿದ್ದು ತನ್ನ ಮಕ್ಕಳಿಗೆ. ಎರಡೂ ಕೈಕೆಲಸ, ಆದರೆ ಪೆಟ್ಟಿಗೆ ಹಂಚುವಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ಇಡ್ತೀರಿ? ಅಣ್ಣ ತಂಗಿ ಜಗಳ ಆಡ್ತಿರೋದು ಹೆಸರು ಬರೆದ ನಕ್ಷತ್ರಕ್ಕೆ, ಗಾಜಿಗಲ್ಲ.

ಗಾಜುಗಾರ
ಅಜ್ಜಿ ಕೊಂಡು, ಜೋಪಾನ ಮಾಡಿ, ಅಮ್ಮನಿಗೆ ಕೊಟ್ಟಿದ್ದಾರಲ್ಲ. ಒಂದೂ ಒಡೆಯದೆ ಇಷ್ಟು ವರ್ಷ ಕಾಪಾಡೋದೂ ಪ್ರೀತಿಯ ಕೆಲಸವೇ. ಲೆಕ್ಕಕ್ಕೆ ಸೇರಿಸಿ ಅಂತಲೇ ನಾನು ಹೇಳೋದು.

ಮೂರುಮಡಿಕೆ
ಎಲ್ಲರೂ ಒಂದು ವಿಷಯ ಬಿಟ್ಟುಬಿಟ್ಟಿರಿ. ಆ ರಟ್ಟಿನ ಚೂರುಗಳು! ಒಂದು ಹಕ್ಕಿಯ ಆಕಾರದಲ್ಲಿದೆಯಾ? ಅಂಚಿನಲ್ಲಿ ಪೆನ್ಸಿಲ್ ಅಥವಾ ಸೀಮೆಸುಣ್ಣದ ಗುರುತು ಇದೆಯಾ?

ಕಿರಿಮಗಳು
ಒಂದು ನಿಮಿಷ, ನೋಡಿ ಹೇಳ್ತೀನಿ. ಹೌದು, ಹಕ್ಕಿಯ ಮೈ, ರೆಕ್ಕೆ, ಬಾಲ ಬೇರೆಬೇರೆ ಇವೆ. ಒಂದರ ಮೇಲೆ "ರೆಕ್ಕೆ, 2 ಕತ್ತರಿಸು" ಅಂತ ಅಮ್ಮನ ಅಕ್ಷರ. ನಕ್ಷತ್ರದ್ದೂ ಇದೆ.

ಮೂರುಮಡಿಕೆ
ಅವು ಅಳತೆಯ ರಟ್ಟುಗಳು. ನಿಮ್ಮ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಬೆಲೆ ಇರೋದು ಅದಕ್ಕೇ. ಹಕ್ಕಿ ಹರಿದರೂ, ನುಸಿ ತಿಂದರೂ, ಆ ರಟ್ಟು ಇದ್ದರೆ ಅದೇ ಹಕ್ಕಿಯನ್ನು ಮತ್ತೆ ಮಾಡಬಹುದು. ಒಂದಿಷ್ಟೂ ವ್ಯತ್ಯಾಸ ಇಲ್ಲದೆ. ಇದರಲ್ಲಿ ಹಂಚೋ ಕಷ್ಟವೇ ಇಲ್ಲ. ಗಟ್ಟಿ ಹಾಳೆಯ ಮೇಲೆ ಗೆರೆ ಎಳೆದು ಮೂರು ಪ್ರತಿ ಮಾಡಿ, ಮೂವರಿಗೂ ಒಂದೊಂದು. ಮೂಲ ರಟ್ಟು ಸದ್ಯ ಅಮ್ಮನ ಹತ್ತಿರವೇ ಇರಲಿ.

ಇನ್ನೊಂದು. ಅಮ್ಮ ಇದ್ದಾರೆ, ಕೈ ಓಡುತ್ತೆ ಅಂದರೆ ಅವರನ್ನು ಕೂರಿಸಿಕೊಂಡು ಹೊಲಿಗೆ ಹೇಗೆ ಹಾಕಿದರು, ಹತ್ತಿ ಎಲ್ಲಿಂದ ತುಂಬಿದರು, ಕಣ್ಣಿಗೆ ಏನು ಬಳಸಿದರು ಅಂತ ಕೇಳಿ ಬರೆದುಕೊಳ್ಳಿ. ಇದನ್ನು ಮುಂದಕ್ಕೆ ಹಾಕಬೇಡಿ. ನನಗೆ ಅತ್ತೆಯ ಕಾಗದದ ನಕ್ಷತ್ರ ಸಿಕ್ಕಿತು, ಕೊನೆಯ ಮಡಿಕೆ ಹೇಗೆ ಅಂತ ಹೇಳೋರು ಯಾರೂ ಉಳಿದಿರಲಿಲ್ಲ. ಒಂದನ್ನು ಬಿಚ್ಚಿ ನೋಡೋಕೆ ಧೈರ್ಯ ಬರೋಕೇ ಬಹಳ ಕಾಲ ಬೇಕಾಯ್ತು.

ಒಂಟಿನಕ್ಷತ್ರ
ನಾಲ್ಕು ಪಟ್ಟಿ ಕಾಗದದಲ್ಲಿ ಹೆಣೆದು, ಮೇಲೆ ಚೂಪು ತುದಿಗಳು ಎದ್ದು ನಿಲ್ಲುತ್ತವಲ್ಲ, ಅದಾ? ಅದಾದರೆ ಫ್ರೋಬೆಲ್ ನಕ್ಷತ್ರ. ಕಿಂಡರ್‌ಗಾರ್ಟನ್ ಶುರು ಮಾಡಿದ ಫ್ರೆಡ್ರಿಕ್ ಫ್ರೋಬೆಲ್ ಹೆಸರಿಂದ ಬಂದಿದ್ದು. ಪಟ್ಟಿಯ ಉದ್ದ ಅಗಲಕ್ಕಿಂತ ಇಪ್ಪತ್ತೈದು ಮೂವತ್ತು ಪಟ್ಟು ಇರಲಿ, ಇಲ್ಲದಿದ್ದರೆ ಕೊನೆಯ ತುದಿಗಳಿಗೆ ಕಾಗದ ಸಾಲೋದಿಲ್ಲ.

ಮೂರುಮಡಿಕೆ
ಅದೇ! ಹೆಸರು ಈಗ ಗೊತ್ತಾಯ್ತು, ತುಂಬಾ ಥ್ಯಾಂಕ್ಸ್.

ಗಣಿತಮೇಷ್ಟ್ರು
ಕಾಗದದ ಮಾತು ಬಂತು ಅಂತ ಹೇಳ್ತಿದ್ದೀನಿ. ಹಿಮದ ಹೂ ಕತ್ತರಿಸುವಾಗ ಎಲ್ಲರೂ ಕಾಗದವನ್ನು ಅರ್ಧಕ್ಕೆ ಅರ್ಧ ಮಡಚುತ್ತಾ ಹೋಗಿ ಎಂಟು ತುದಿ ಮಾಡ್ತಾರೆ. ಹಿಮದ ಹರಳಿಗೆ ಇರೋದು ಆರು ತುದಿ. ಇದು ಯಾಕೆ ಹೀಗೆ ಅಂತ ಯೋಚಿಸಿ ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲೇ ಪುಟ್ಟ ಪುಸ್ತಕ ಬರೆದ. ಅರ್ಧ ಮಡಚಿ, ಆಮೇಲೆ ಮಡಿಕೆಯ ಮಧ್ಯಬಿಂದುವಿನಿಂದ ಮೂರು ಸಮಭಾಗ ಮಾಡಿ ಮಡಚಿ. ಒಂದೊಂದೂ 60 ಡಿಗ್ರಿ. ಇನ್ನೊಮ್ಮೆ ಅರ್ಧ ಮಾಡಿ ಕತ್ತರಿಸಿ. ಆರು ತುದಿ ಬರುತ್ತೆ.

ಟೀಚರಮ್ಮ
ಮೇಷ್ಟ್ರೇ, ಐದು ವರ್ಷದ ಮಗು ಕತ್ತರಿಸಿದ ಹೂವಿಗೆ ಎಂಟು ತುದಿ ಇದ್ದರೆ ಮರ ಬೇಡ ಅನ್ನುತ್ತಾ?

ಗಣಿತಮೇಷ್ಟ್ರು
ಮಗು ಮಾಡಿದ್ದನ್ನು ನಾನು ತಪ್ಪು ಅಂದಿಲ್ಲ. ಆದರೆ ಮೂರು ಭಾಗ ಮಾಡೋದನ್ನು ಒಂದು ಸಲ ತೋರಿಸಿ ನೋಡಿ, ಬಿಚ್ಚಿದಾಗ ಆರು ತುದಿ ಕಂಡು ಆ ಮಗುವಿನ ಮುಖ ಹೇಗಾಗುತ್ತೆ ಅಂತ. ಅದಕ್ಕೋಸ್ಕರ ಹೇಳಿದೆ.

ಗೋದಲಿಪ್ರಿಯ
ಮರದ ಗಲಾಟೆಯಲ್ಲಿ ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು, ಎಲ್ಲರೂ ಮರೆತಿದ್ದೀರಿ. ಮರಕ್ಕಿಂತ ಹಳೆಯದು ಅದು. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೋ ಅನ್ನೋ ಊರಲ್ಲಿ ಎತ್ತು ಕತ್ತೆ ಕಟ್ಟಿ, ಹುಲ್ಲು ಹಾಸಿ ಗೋದಲಿ ಮಾಡಿದ್ದರು. ನಮ್ಮ ಮನೆಯಲ್ಲಿ ಬಾಲಯೇಸುವನ್ನು 24ರ ರಾತ್ರಿವರೆಗೆ ಇಡೋದಿಲ್ಲ. ಮನೆಯ ಅತ್ಯಂತ ಚಿಕ್ಕವರು ತಂದು ಮಲಗಿಸಬೇಕು. ಬಾಲಯೇಸುವನ್ನು ನೋಡೋಕೆ ಬಂದ ಮೂವರು ಅರಸರ ಗೊಂಬೆಗಳು ಕಿಟಕಿ ಹತ್ತಿರದಿಂದ ಹೊರಟು ದಿನಾ ಸ್ವಲ್ಪಸ್ವಲ್ಪ ಮುಂದೆ ಬಂದು ಜನವರಿ 6ಕ್ಕೆ ತಲುಪುತ್ತವೆ. ಕಿರಿಮಗಳು ಅವರೇ, ಪೆಟ್ಟಿಗೆಯಲ್ಲಿ ಗೋದಲಿಯ ಗೊಂಬೆಗಳು ಇಲ್ವಾ?

ಕಿರಿಮಗಳು
ಇವೆ, ಅದನ್ನು ಅಮ್ಮ ತಾವೇ ಇಟ್ಟುಕೊಂಡಿದ್ದಾರೆ. ಚಿಕ್ಕ ಮನೆಯಲ್ಲೂ ಅದಕ್ಕೆ ಜಾಗ ಇದೆಯಂತೆ.

ಸೂಜಿಮಲ್ಲಿಗೆ
ಅರಸರು ದಿನಾ ನಡೆಯೋದು ನಮ್ಮಲ್ಲೂ ಇದೆ! ಮಕ್ಕಳು ಬೆಳಗ್ಗೆ ಎದ್ದ ತಕ್ಷಣ ಹುಡುಕೋದು ಅದನ್ನೇ.

ಬೆಳ್ಳಿರೆಕ್ಕೆ
ಮರ ಯಾವಾಗ ಇಡ್ತೀರಿ ಎಲ್ಲರೂ? ನಮ್ಮಲ್ಲಿ 24ಕ್ಕೆ ಮುಂಚೆ ಒಂದು ದಾರವೂ ಕಟ್ಟೋ ಹಾಗಿಲ್ಲ. ಈಗ ನವೆಂಬರ್‌ನಲ್ಲೇ ಹಾಕಿಬಿಡ್ತಾರೆ, ಹಬ್ಬ ಬರೋ ಹೊತ್ತಿಗೆ ನೋಡಿ ನೋಡಿ ಬೇಜಾರಾಗಿರುತ್ತೆ.

ಒಂಟಿನಕ್ಷತ್ರ
ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚೆ ಕಾಯೋ ವಾರಗಳ, ಮೊದಲ ಭಾನುವಾರ ಶುರು, ವಾರಕ್ಕೆ ಸ್ವಲ್ಪ ಸ್ವಲ್ಪ. ಮೊದಲು ಕಾಗದದ್ದು, ಕೊನೆಗೆ ಗಾಜಿನದು. ಕಾಯೋದರಲ್ಲೇ ಅರ್ಧ ಸಂತೋಷ ಇದೆ.

ನೀಲಿದಾರ
ಕಾಗದದ್ದು ಅಷ್ಟು ದಿನ ಇಡೋದಾದರೆ ಒಂದು ಮಾತು: ಹಳೆ ಬಲ್ಬಿನ ಸರಗಳು ಬಿಸಿಯಾಗುತ್ತವೆ, ಎಲ್‌ಇಡಿ ಮಾತ್ರ ಹಾಕಿ. ಮೇಣದ ಬತ್ತಿಯಂತೂ ಮರದ ಹತ್ತಿರ ಬೇಡವೇ ಬೇಡ.

ಅತ್ತಿಗೆಮ್ಮ
ಅಕ್ಕನ ಪರವಾಗಿ ಯಾರೂ ಮಾತಾಡಲಿಲ್ಲ, ನಾನು ಮಾತಾಡ್ತೀನಿ. ಬಿಳಿ ಚಿನ್ನದ ಮರ ಇಷ್ಟಪಡೋದು ಅಪರಾಧ ಏನಲ್ಲ. ಹಳೆಯದನ್ನೆಲ್ಲ ಇಟ್ಟುಕೊಳ್ಳಬೇಕು ಅಂತ ಒಬ್ಬರ ಮೇಲೆ ಹೊರಿಸಿದರೆ ಪೆಟ್ಟಿಗೆ ಅಟ್ಟದ ಮೇಲೆ ಹೋಗುತ್ತೆ, ಅಲ್ಲಿ ಸೆಕೆಗೆ ಅಂಟು ಬಿಟ್ಟು, ಇಲಿ ಹುಳ ತಿಂದು ಮುಗಿಯುತ್ತೆ. ಅದು ಎಸೆದದ್ದಕ್ಕಿಂತ ಕೆಟ್ಟದ್ದು. ಅವರು ಒಂದೇ ನಕ್ಷತ್ರ ಕೇಳಿದ್ದಾರೆ, ಅದನ್ನು ಪ್ರತಿ ವರ್ಷ ಕಟ್ಟುತ್ತಾರೆ. ನೂರು ಇಟ್ಟುಕೊಂಡು ಒಂದೂ ಕಟ್ಟದವರಿಗಿಂತ ಅವರೇ ಮೇಲು ಅಂತ ನನಗನಿಸುತ್ತೆ.

ಹಂಚೋದಕ್ಕೆ ನಮ್ಮ ಮನೆಯಲ್ಲಿ ಮಾಡಿದ್ದು ಹೀಗೆ. ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿದ್ವಿ. ಅವರವರ ಹೆಸರಿನದು ಮೊದಲೇ ಅವರವರಿಗೆ, ಅದರಲ್ಲಿ ಚರ್ಚೆ ಇಲ್ಲ. ಉಳಿದದ್ದರಲ್ಲಿ ಸರದಿ ಪ್ರಕಾರ ಒಬ್ಬೊಬ್ಬರು ಒಂದೊಂದು ಆರಿಸೋದು, ಚಿಕ್ಕವರಿಂದ ಶುರು, ಮುಂದಿನ ಸುತ್ತು ದೊಡ್ಡವರಿಂದ. ಬೇಡ ಅಂದವರು ಸರದಿ ಬಿಡಬಹುದು. ಆರಿಸುವಾಗ ಯಾಕೆ ಅದೇ ಬೇಕು ಅಂತ ಹೇಳಬೇಕು. ಆ ಮಾತುಗಳಲ್ಲೇ ನಮಗೆ ಗೊತ್ತಿರದ ಎಷ್ಟೋ ಸಂಗತಿ ಹೊರಬಂತು. ನನ್ನ ಗಂಡನ ತಮ್ಮ ಎಲ್ಲ ಬಿಟ್ಟು ಮುರಿದ ರೆಕ್ಕೆಯ ದೇವದೂತನನ್ನು ಆರಿಸಿದ. ಅದು ಮುರಿದ ದಿನ ಅಪ್ಪ ಬೈಯದೆ ಪಕ್ಕದಲ್ಲಿ ಕೂತು ಅಂಟು ಹಾಕಿಕೊಟ್ಟಿದ್ದರಂತೆ.

ಹಳೆಪೆಟ್ಟಿಗೆ
ಅತ್ತಿಗೆಮ್ಮ ಹೇಳಿದ್ದು ನೂರಕ್ಕೆ ನೂರು. ಎಲ್ಲಿ ಇಡ್ತೀರಿ ಅನ್ನೋದೇ ಮುಖ್ಯ. ನ್ಯೂಸ್‌ಪೇಪರ್‌ನಲ್ಲಿ ಸುತ್ತಬೇಡಿ, ಮಸಿ ಅಂಟುತ್ತೆ, ಕಾಗದದ ಹುಳಿಗೆ ಬಟ್ಟೆ ಹಳದಿಯಾಗುತ್ತೆ. ಆಮ್ಲರಹಿತ ಬಿಳಿ ಟಿಶ್ಯೂ ಕಾಗದ ಸಿಗುತ್ತೆ, ಅದು ಒಳ್ಳೆಯದು. ಸೆಲೋಟೇಪು, ರಬ್ಬರ್ ಬ್ಯಾಂಡ್ ಎರಡೂ ಬೇಡ. ಹಿಟ್ಟಿನವಕ್ಕೆ ಕಬ್ಬಿಣದ ಕೊಕ್ಕೆ ಹಾಕಿದ್ದರೆ ತೆಗೆದುಬಿಡಿ, ಉಪ್ಪಿಗೆ ತುಕ್ಕು ಹಿಡಿದು ಅಲ್ಲೇ ಸೀಳುತ್ತೆ. ದಾರ ಕಟ್ಟಿ.

ಫೆಲ್ಟ್ ಉಣ್ಣೆಯದಾದರೆ ನುಸಿ ಬಿದ್ದಿದೆಯಾ ನೋಡಿ. ಅನುಮಾನ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲ ತಕ್ಷಣ ಬಿಚ್ಚಬೇಡಿ, ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿ.

ನಾಯಿಪ್ರೀತಿ
ಮನೆಯಲ್ಲಿ ನಾಯಿ ಇರೋರಿಗೆ: ಉಪ್ಪು ಹಿಟ್ಟಿನ ಗೊಂಬೆಗಳನ್ನು ಮೇಲಿನ ಕೊಂಬೆಗೇ ಕಟ್ಟಿ. ಅದರಲ್ಲಿ ಉಪ್ಪು ತುಂಬಾ ಜಾಸ್ತಿ, ನಾಯಿ ತಿಂದರೆ ಜೀವಕ್ಕೇ ಅಪಾಯ. ತಿಂದಿದೆ ಅಂತ ಗೊತ್ತಾದರೆ ವಾಂತಿಗೆ ಕಾಯದೆ ತಕ್ಷಣ ಪಶುವೈದ್ಯರ ಹತ್ತಿರ ಓಡಿ.

ಕಿರಿಮಗಳು
ಅಕ್ಕನಿಗೂ ಅಣ್ಣನಿಗೂ ಇದನ್ನೆಲ್ಲ ಕಳಿಸಿದೆ. ಅತ್ತಿಗೆಮ್ಮ ಬರೆದದ್ದನ್ನು ಓದಿ ಅಕ್ಕ ಫೋನ್ ಮಾಡಿದಳು, ಬಹಳ ಹೊತ್ತು ಮಾತಾಡಿದ್ವಿ. ಸರದಿಯಲ್ಲಿ ಆರಿಸೋದಕ್ಕೆ ಮೂವರೂ ಒಪ್ಪಿದ್ದೀವಿ, ಅಮ್ಮನ ಮುಂದೆಯೇ. ಗಾಜಿನ ಗುಂಡುಗಳೂ ಲೆಕ್ಕಕ್ಕೆ ಸೇರಿವೆ, ಗಾಜುಗಾರ ಸರ್. ರಟ್ಟು ಮೂರು ಪ್ರತಿ ಮಾಡೋ ಕೆಲಸ ಅಣ್ಣ ವಹಿಸಿಕೊಂಡ. ಇನ್ನು ಅಕ್ಕ ಬಿಳಿ ಫೆಲ್ಟ್‌ನಲ್ಲಿ ಅದೇ ಹಕ್ಕಿಗಳನ್ನು ಹೊಲಿದು ಚಿನ್ನದ ದಾರದ ಅಂಚು ಹಾಕ್ತಾಳಂತೆ! ಅವಳಿಗೆ ಹೊಲಿಗೆ ಬರೋದಿಲ್ಲ. ಯಾವ ಹೊಲಿಗೆ ಸುಲಭ, ನೀಲಿದಾರ ಅವರೇ?

ನೀಲಿದಾರ
ಬ್ಲಾಂಕೆಟ್ ಸ್ಟಿಚ್. ಕಾಜಾ ಹೊಲಿಗೆಯ ಹಾಗೇ, ಸ್ವಲ್ಪ ದೂರ ದೂರ. ಫೆಲ್ಟ್ ಅಂಚು ಬಿಚ್ಚಿಕೊಳ್ಳಲ್ಲ, ಹಾಗಾಗಿ ಒಳಗೆ ಮಡಚೋ ಕೆಲಸ ಇಲ್ಲ. ಎರಡು ತುಂಡು ಒಂದರ ಮೇಲೊಂದು ಇಟ್ಟು, ಬಾಲದ ಹತ್ತಿರದಿಂದ ಶುರು ಮಾಡಿ, ಹೊಟ್ಟೆಯ ಕೆಳಗೆ ಎರಡು ಬೆರಳು ಹೋಗುವಷ್ಟು ಬಿಡಿ, ಅಲ್ಲಿಂದ ಹತ್ತಿ ತುಂಬಿ ಮುಚ್ಚಿ. ಜರಿ ದಾರ ಮಾತ್ರ ಬೇಗ ಎಳೆ ಬಿಡುತ್ತೆ, ಮೊಣಕೈ ಉದ್ದಕ್ಕಿಂತ ಹೆಚ್ಚು ತಗೋಬೇಡಿ ಅಂತ ಹೇಳಿ.

ಒಂಟಿನಕ್ಷತ್ರ
ಹೊಳಪು ಬೇಕು ಅಂತ ಗ್ಲಿಟರ್ ಸುರಿಯೋದು ಮಾತ್ರ ಬೇಡ. ಅದು ಪ್ಲಾಸ್ಟಿಕ್ ಪುಡಿ, ಯುರೋಪಿಯನ್ ಒಕ್ಕೂಟದಲ್ಲಿ 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರೋ ಹಾಗಿಲ್ಲ. ಜರಿ ದಾರವೇ ಸಾಕು.

ಅತ್ತಿಗೆಮ್ಮ
ಹಿಂದೆ ಹೆಸರು, ವರ್ಷ ಹೊಲಿಯೋದು ಮರೆಯಬೇಡಿ ಅಂತ ಅಕ್ಕನಿಗೆ ಹೇಳಿ. ಹೊಸ ಹಕ್ಕಿಗೂ ಬೇಕು.

ಗಣಿತಮೇಷ್ಟ್ರು
ರಟ್ಟಿನ ಪ್ರತಿ ತೆಗೆಯುವಾಗ ಪೆನ್ಸಿಲ್ ಸಣ್ಣಗೆ ಚೂಪಾಗಿರಲಿ. ಗೆರೆಯ ದಪ್ಪ ಸೇರಿ ಪ್ರತಿ ಸಲ ಅಳತೆ ಸ್ವಲ್ಪ ದೊಡ್ಡದಾಗುತ್ತೆ. ಮೂರನ್ನೂ ಮೂಲದಿಂದಲೇ ತೆಗೆಯಿರಿ, ಪ್ರತಿಯಿಂದ ಪ್ರತಿ ಬೇಡ.